ಕರೆಯದೆ ಬಂದವಳು

ಮೊದಲ ಭೇಟಿಯಲ್ಲೇ ಅವಳು ಅವನನ್ನು ಎತ್ತಿಕೊಂಡು ಹೋಗಿ ಹೊರಗೆ ಹಾಕಿದ್ದಳು.

ಅವಳು ಸದನಕ್ಕೆ ಮಾರ್ಷಲ್ ಆಗಿ ಬಂದು ನಾಲ್ಕು ದಿನವಾಗಿತ್ತಷ್ಟೆ. ಸದಸ್ಯರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದು ಕುಸ್ತಿಗೆ ಬಿದ್ದಿದ್ದರು. "ಗಲಾಟೆ ಮಾಡೋರನ್ನ ಹೊರಗೆ ಹಾಕಿ!" ಎಂದು ಸಭಾಧ್ಯಕ್ಷರು ಮೈಕಿನಲ್ಲಿ ಕಿರುಚಿದರು. ಗುಂಪಿನ ನಡುವೆ ಕಪ್ಪು ಕೋಟಿನ ತೆಳ್ಳನೆಯ ಮನುಷ್ಯನೊಬ್ಬ ಕಾಗದಗಳನ್ನು ಎದೆಗವುಚಿಕೊಂಡು ಏನೋ ಕೂಗುತ್ತಿದ್ದ. ಅವಳು ಹಿಂದೆಮುಂದೆ ನೋಡಲಿಲ್ಲ. ಸೊಂಟಕ್ಕೆ ಕೈಹಾಕಿ, ಹೆಗಲಿಗೇರಿಸಿ, ಕಾರಿಡಾರಿನಲ್ಲಿ ತಂದು ಇಳಿಸಿದಳು.

ಅವನು ಕೋಟು ಸರಿಮಾಡಿಕೊಂಡ. ಕನ್ನಡಕ ಒರೆಸಿಕೊಂಡ.

"ತುಂಬಾ ಚೆನ್ನಾಗಿ ಎತ್ತಿದ್ರಿ. ಆದ್ರೆ ನಾನು ಸದಸ್ಯ ಅಲ್ಲ, ಈ ಸದನದ ಕಾರ್ಯದರ್ಶಿ. ನಾನಿಲ್ದೆ ಒಳಗೆ ಸಭೆ ಮುಂದೂಡೋಕೂ ಆಗಲ್ಲ."

"ಅಯ್ಯಯ್ಯೋ ಸಾರ್! ಮತ್ತೆ ಎತ್ಕೊಂಡು ಹೋಗಿ ಒಳಗೆ ಬಿಡ್ಲಾ?"

"ಬೇಡ, ನಡ್ಕೊಂಡೇ ಹೋಗ್ತೀನಿ. ಸ್ವಲ್ಪ ಮರ್ಯಾದೆ ಉಳಿದಿದೆ."

ಅದಾಗಿ ಎಂಟು ವರ್ಷ. ಸದನದಲ್ಲಿ ಅವಳಿಗೆ 'ಕ್ರೇನ್' ಎಂದೂ ಅವನಿಗೆ 'ತಕ್ಕಡಿ' ಎಂದೂ ಹೆಸರು ಬಿತ್ತು. ಕ್ರೇನ್ ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ತಕ್ಕಡಿ ಯಾಕೆಂದರೆ, ಆಳುವವರು ಎಷ್ಟು ಸಲ ಬದಲಾದರೂ ಅವನು ಯಾರ ಕಡೆಗೂ ವಾಲಿದವನಲ್ಲ. ಸಭಾಧ್ಯಕ್ಷರ ಕುರ್ಚಿಯ ಕೆಳಗಿನ ಮೇಜು ಅವನದು. ಯಾವ ವಿಷಯ ಯಾವಾಗ ಬರಬೇಕು, ಯಾರು ಎಷ್ಟು ಹೊತ್ತು ಮಾತಾಡಬೇಕು ಎಂದು ಅವರ ಕಿವಿಯಲ್ಲಿ ಹೇಳುವವನು ಅವನು. ಮತ ಎಣಿಸುವವನು ಅವನು. ಸಂಜೆ ನಡಾವಳಿ ಬರೆದು ಸಹಿ ಹಾಕುವವನೂ ಅವನೇ. ಅವನು ಬರೆದದ್ದೇ ಅಂದು ನಡೆದದ್ದು. ಇಪ್ಪತ್ತು ವರ್ಷಗಳಲ್ಲಿ ಒಂದು ಸುಳ್ಳಕ್ಷರ ಬರೆದಿಲ್ಲ ಎಂದು ಅವನನ್ನು ಕಂಡರಾಗದವರೂ ಹೇಳುತ್ತಿದ್ದರು.

ಬಾಗಿಲಿನಿಂದ ಅವನ ಮೇಜಿಗೆ ನಲವತ್ತು ಹೆಜ್ಜೆ. ಭಾಷಣ ಉದ್ದವಾದಾಗ ಅವನು ಕನ್ನಡಕ ತೆಗೆದು ಒರೆಸುವ ನೆಪದಲ್ಲಿ ಬಾಗಿಲಿನ ಕಡೆ ತಿರುಗುತ್ತಿದ್ದ. ಕನ್ನಡಕವಿಲ್ಲದೆ ಅಷ್ಟು ದೂರ ಅವನಿಗೆ ಏನೂ ಕಾಣದು ಎಂದು ಅವಳಿಗೆ ಗೊತ್ತಿತ್ತು. ಆದರೂ ಅವಳಿರುವ ಕಡೆಗೇ ಸಣ್ಣಗೆ ನಗುತ್ತಿದ್ದ. ಅವಳು ಹೊರಗೆ ಮುಖ ಗಂಟಿಕ್ಕಿಕೊಂಡು ಒಳಗೊಳಗೇ ಕರಗಿ ನೀರಾಗುತ್ತಿದ್ದಳು.

"ಇವತ್ತು ಯಾರನ್ನ ಎತ್ತೋ ಯೋಚನೆ?" ಎಂದು ಬೆಳಿಗ್ಗೆ ಬಾಗಿಲು ದಾಟುವಾಗ ಕೇಳುತ್ತಿದ್ದ.

"ದಾರಿಲಿ ಹೀಗೇ ನಿಂತ್ರೆ ನಿಮ್ಮನ್ನೇ."

"ನಿಯಮದಲ್ಲಿ ಅವಕಾಶ ಇದೆಯಾ, ನೋಡಿ ಹೇಳ್ತೀನಿ."

"ಎಂಟು ವರ್ಷದಿಂದ ನೋಡ್ತಾನೇ ಇದ್ದೀರಲ್ಲ ಸಾರ್. ಅಷ್ಟು ದಪ್ಪನಾ ಆ ಪುಸ್ತಕ?"

ಅವನ ಕಿವಿ ಕೆಂಪಾಗುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ವಿಷಯ. ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ಇಬ್ಬರಿಗೂ ನಾಲಿಗೆ ಏಳುತ್ತಿರಲಿಲ್ಲ. ಮನೆಯಲ್ಲಿ ಅಕ್ಕ ದಿನಾ ಚುಚ್ಚುತ್ತಿದ್ದಳು: "ದೊಡ್ಡ ದೊಡ್ಡ ಗಂಡಸರನ್ನೆಲ್ಲ ಹೆಗಲ ಮೇಲೆ ಹಾಕ್ಕೊಂಡು ಓಡಾಡ್ತೀಯ. ಆ ಒಬ್ಬ ಕಡ್ಡಿ ಪೈಲ್ವಾನನ್ನ ಮನೆಗೆ ತರೋಕೆ ಆಗಲ್ವೇನೇ ನಿನಗೆ?"

ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯವಳು. ಕೆಲಸದವರು ನಡುವೆ ಎದ್ದು ಹೋಗಬಾರದೆಂದು ಅಲ್ಲಿ ಹೊರಗಿನಿಂದ ಬೀಗ. ಅಂಥದೇ ಬೀಗ ಬಿದ್ದಿದ್ದ ಇನ್ನೊಂದು ಕಾರ್ಖಾನೆಯಲ್ಲಿ ಮೂವತ್ತೆಂಟು ಹೆಂಗಸರು ಬೆಂಕಿಯಲ್ಲಿ ಬೆಂದುಹೋದರು. ಆಮೇಲೆ ಸದನಕ್ಕೆ ಮಸೂದೆ ಬಂತು: ಒಳಗೆ ಜನ ಇರುವಾಗ ಹೊರಗಿನಿಂದ ಬೀಗ ಹಾಕಿದ ಮಾಲೀಕನಿಗೆ ಜೈಲು. ಮಸೂದೆ ನಾಲ್ಕೇ ಸಾಲು, ಜಗಳ ನಾಲ್ಕು ತಿಂಗಳು. ಹದಿನೇಳನೇ ಸೀಟಿನ ಸದಸ್ಯನಿಗೆ ಮೂರು ಕಾರ್ಖಾನೆಗಳಿದ್ದವು. ಅವನ ಕತ್ತು, ಅವನ ಸಿಟ್ಟು ನೋಡಿ ಎಲ್ಲರೂ ಅವನನ್ನು ಗೂಳಿ ಎನ್ನುತ್ತಿದ್ದರು.

ಮತದಾನದ ಬೆಳಿಗ್ಗೆ ಕಾರ್ಯದರ್ಶಿ ತಮಾಷೆ ಮಾಡಲಿಲ್ಲ.

"ನಿಯಮ ನೆನಪಿದೆ ತಾನೆ?" ಎಂದ.

ನೆನಪಿತ್ತು. ಎಣಿಕೆ ಶುರುವಾದ ಮೇಲೆ ಬಾಗಿಲ ಮುಂದೆ ನೆಲದಲ್ಲಿರುವ ಹಿತ್ತಾಳೆ ಪಟ್ಟಿಯನ್ನು ಮಾರ್ಷಲ್ ದಾಟುವಂತಿಲ್ಲ. ಕಾರ್ಯದರ್ಶಿ ಕೈಯೆತ್ತಿ ಕರೆದರೆ ಬರಬಹುದು. ಆದರೆ ಅಲ್ಲಿಗೆ ಎಣಿಕೆ ಸತ್ತಂತೆ, ಆ ಮಸೂದೆ ಎರಡು ವರ್ಷ ಮತ್ತೆ ಬರುವಂತಿಲ್ಲ. ಕರೆಯದೆ ಮಾರ್ಷಲ್ ತಾನಾಗಿ ನುಗ್ಗಿದರೆ ಮರುದಿನ ಮೊದಲಿನಿಂದ ಎಣಿಕೆ, ಮಾರ್ಷಲ್ ಕೆಲಸ ಅಂದೇ ಖತಂ. ಕರೆದನೋ ಇಲ್ಲವೋ ಎಂಬುದಕ್ಕೆ ನಡಾವಳಿಯಲ್ಲಿ ಕಾರ್ಯದರ್ಶಿ ಬರೆದದ್ದೇ ಕೊನೆಯ ಮಾತು.

"ಇವತ್ತು ನನ್ನ ಕೈ ಎತ್ತಿಸೋಕೆ ನೋಡ್ತಾರೆ," ಎಂದ. "ನಾನು ಎತ್ತಲ್ಲ. ಏನೇ ಆದ್ರೂ ನೀವು ಪಟ್ಟಿಯಿಂದ ಆಚೇನೇ ಇರಬೇಕು."

"ನಿಮ್ಮ ಮೈ ಮುಟ್ಟಿದ್ರೆ?"

"ಆಗ್ಲೂ."

"ಮಾತು ಕೊಡೋಕಾಗಲ್ಲ ಸಾರ್."

"ನಿಮ್ಮ ಅಕ್ಕನ ಮುಖ ನೆನೆಸ್ಕೊಳಿ," ಎಂದು ಹೇಳಿ ಒಳಗೆ ಹೋದ.

ಹನ್ನೊಂದು ಗಂಟೆಗೆ ಎಣಿಕೆ ಶುರುವಾಯಿತು. ತೊಂಬತ್ತೊಂದು ಸೀಟು. ಅವನು ಸೀಟಿನ ಸಂಖ್ಯೆ ಕೂಗುವುದು, ಸದಸ್ಯ ಎದ್ದು ಹೌದು ಅಥವಾ ಇಲ್ಲ ಎನ್ನುವುದು, ಅವನು ಗುರುತು ಹಾಕುವುದು. ಐವತ್ತರವರೆಗೆ ಬೈಗುಳ ಮಾತ್ರ ಹಾರಿದವು. ಅರವತ್ತಕ್ಕೆ ಬಂದಾಗ ಗೂಳಿ ಬೆರಳೆಣಿಸಿದ. ತನ್ನ ಕಡೆಯವರೇ ಇಬ್ಬರು ಹೌದು ಎಂದಿದ್ದರು. ಬೆಂಚು ಹಾರಿ ಇಳಿದು ಬಂದ.

ಮೊದಲ ಏಟಿಗೆ ಕನ್ನಡಕ ಹಾರಿಹೋಯಿತು.

"ಕೈಯೆತ್ತೋ!" ಎಂದ ಗೂಳಿ. "ಕರಿಯೋ ನಿನ್ನ ಕ್ರೇನನ್ನ!"

"ಅರವತ್ತೊಂದು?" ಎಂದ ಕಾರ್ಯದರ್ಶಿ.

"ಹೌದು!" ಎಂದು ಹಿಂದಿನಿಂದ ಒಬ್ಬ ಹೆಂಗಸು ಕೂಗಿದಳು. ಅವಳ ತಲೆಗೆ ಒಂದು ಕಡತದ ಕಟ್ಟು ಬಂದು ಬಡಿಯಿತು. ಆಮೇಲೆ ಸದನವೇ ಎದ್ದಿತು. ಕುರ್ಚಿಯ ಕೈ ಕಿತ್ತು ಬೀಸಿದರು. ಮೇಜಿನ ಡ್ರಾಯರ್ ಎಳೆದು ಒಬ್ಬನ ಮುಖಕ್ಕೆ ಹೊಡೆದರು. ಹಲ್ಲು ಎರಡು ಕಾರ್ಪೆಟ್ಟಿನ ಮೇಲೆ ಬಿದ್ದವು. ವರದಿ ಬರೆಯುವವರು ಮೇಜಿನಡಿ ತೂರಿಕೊಂಡರು. ಸಭಾಧ್ಯಕ್ಷರು ಕುರ್ಚಿಯ ಹಿಂದೆ ಕೂತು ತಲೆಯ ಮೇಲೆ ಕೈಯಿಟ್ಟುಕೊಂಡರು.

ಗೂಳಿಯ ಸಿಟ್ಟು ಮಸೂದೆಯ ಮೇಲೆ, ಹೊಡೆತ ಕಾರ್ಯದರ್ಶಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಮೈಕಿನ ಕಂಬಿಯಿಂದ ಎಡಭುಜಕ್ಕೆ ಬಾರಿಸಿದ. ಮೂಳೆ ಮುರಿದ ಸದ್ದು ನಲವತ್ತು ಹೆಜ್ಜೆ ದೂರಕ್ಕೂ ಕೇಳಿತು. ಕಾರ್ಯದರ್ಶಿ ಮುಗ್ಗರಿಸಿ ಮೊಣಕಾಲೂರಿದ. ಎಡಗೈ ತನ್ನಷ್ಟಕ್ಕೆ ಮೇಲೇಳದಂತೆ ಮೇಜಿನ ಕಾಲನ್ನು ಬಿಗಿಯಾಗಿ ಹಿಡಿದುಕೊಂಡ. ಬಲಗೈಯಲ್ಲಿ ಕಾಗದದ ಮೇಲೆ ಮೂಗು ತಾಗಿಸಿ ಗುರುತು ಹಾಕಿದ.

"ಎಪ್ಪತ್ತೈದು?"

"ಇಲ್ಲ!"

"ಎಪ್ಪತ್ತಾರು?"

"ಹೌದು!"

ಅವಳು ಪಟ್ಟಿಯ ಈಚೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಚ್ಚಿದ ತುಟಿಯಿಂದ ಬಾಯಿಗೆ ರಕ್ತ ಬಂದಿತ್ತು. ಅಕ್ಕ, ಅಕ್ಕ, ಅಕ್ಕ ಎಂದು ಮನಸ್ಸಿನಲ್ಲಿ ಜಪಿಸಿದಳು. ಹಿಂದೆ ಅವಳ ನಾಲ್ವರು ಕಾವಲಿನವರು "ಮೇಡಂ, ಮೇಡಂ" ಎನ್ನುತ್ತಿದ್ದರು. "ಯಾರಾದ್ರೂ ಕಾಲು ಮುಂದಿಟ್ರೆ ಮುರೀತೀನಿ," ಎಂದಳು. ಹೇಳಿದ್ದು ತನ್ನ ಕಾಲಿಗೇ.

ಎಪ್ಪತ್ತೇಳಕ್ಕೆ ಗೂಳಿ ಗಾಜಿನ ಪೇಪರ್‌ವೇಟ್ ಮುಷ್ಟಿಯಲ್ಲಿ ಹಿಡಿದು ಅವನ ಎಡಗಣ್ಣಿಗೆ ಗುದ್ದಿದ. ಗುದ್ದಿ ಮತ್ತೆ ಗುದ್ದಿದ. ಕೋಟಿನ ಮೇಲೆ ರಕ್ತ ಸುರಿಯಿತು. ಎಣಿಕೆ ನಿಲ್ಲಲಿಲ್ಲ. ಎಂಬತ್ತು. ಎಂಬತ್ತೊಂದು. ಧ್ವನಿ ಕರಕರ ಎನ್ನುತ್ತಿತ್ತು. ಎಂಬತ್ತನಾಲ್ಕು ಮುಗಿದಾಗ ಹೌದು ನಲವತ್ತಮೂರು, ಇಲ್ಲ ನಲವತ್ತೊಂದು. ಆಗ ಗೂಳಿ ಮೈಕಿನ ವೈರನ್ನು ಅವನ ಕುತ್ತಿಗೆಗೆ ಸುತ್ತಿ, ಬೆನ್ನಿಗೆ ಮೊಣಕಾಲೊತ್ತಿ, ಎಳೆದ.

ಎಂಬತ್ತೈದು ಎಂಬ ಮಾತು ಹೊರಗೆ ಬರಲೇ ಇಲ್ಲ. ಅವನ ತುಟಿಗಳು ನೀಲಿಯಾದವು. ಎಡಗೈ ಇನ್ನೂ ಮೇಜಿನ ಕಾಲನ್ನು ಬಿಟ್ಟಿರಲಿಲ್ಲ.

"ರೀ!"

ಸದನವೆಲ್ಲ ಕೇಳಿದ ಆ ಕೂಗು ಬೀದಿಯಲ್ಲಿ ಯಾರನ್ನೋ ಕೂಗುವ ರೀ ಅಲ್ಲ. ಹೆಂಡತಿ ಅಡುಗೆಮನೆಯಿಂದ ಗಂಡನನ್ನು ಕೂಗುವ ರೀ. ಕೂಗಿದ್ದು ತಾನೇ ಎಂದು ಅವಳಿಗೆ ತಿಳಿಯುವಷ್ಟರಲ್ಲಿ ಪಟ್ಟಿ ದಾಟಿ ಮೂವತ್ತು ಹೆಜ್ಜೆ ಓಡಿದ್ದಳು. ಅಡ್ಡ ಬಂದ ಇಬ್ಬರು ಬೆಂಚುಗಳ ಮೇಲೆ ಉರುಳಿದರು. ಗೂಳಿಯ ಮಣಿಕಟ್ಟು ಹಿಡಿದು ತಿರುಚಿದಳು. ಒಣಕಡ್ಡಿಯ ಹಾಗೆ ಲಟಕ್ಕೆಂದಿತು. ಕಿರುಚುತ್ತಿದ್ದವನ ಕೊರಳಪಟ್ಟಿಗೂ ಬೆಲ್ಟಿಗೂ ಕೈಹಾಕಿ ಎತ್ತಿ ಎರಡು ಸಾಲು ಆಚೆಗೆ ಎಸೆದಳು. ವೈರು ಬಿಚ್ಚಿದಳು. ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಬಾಯಿಗೆ ಬಂದದ್ದನ್ನೆಲ್ಲ ಬೈದಳು, ಅತ್ತಳು.

ಅವನು ಉಸಿರೆಳೆದುಕೊಂಡು ಮೊದಲು ಹೇಳಿದ್ದು, "ಏಳೇ ಏಳು ಉಳಿದಿತ್ತು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಸದನದ ಚಿಕಿತ್ಸೆ ಕೋಣೆಯಲ್ಲಿ ಅವನು ಮಂಚದ ಮೇಲೆ ಒರಗಿ ನಡಾವಳಿ ಬರೆದು ಮುಗಿಸಿದ್ದ. ಎಡಗಣ್ಣಿಗೆ ಬ್ಯಾಂಡೇಜು, ತೋಳಿಗೆ ಜೋಳಿಗೆ. ಸಾಕ್ಷಿ ಸಹಿ ಮಾರ್ಷಲ್ ಹಾಕಬೇಕಿತ್ತು. ಅವಳು ಕಾಗದ ಕೈಗೆತ್ತಿಕೊಂಡು ಓದಿದಳು: 'ಕಾರ್ಯದರ್ಶಿ ಕೈಯೆತ್ತಿ ಕರೆದ ಮೇಲೆ ಮಾರ್ಷಲ್ ಒಳಗೆ ಬಂದರು.'

"ನೀವು ಕೈಯೆತ್ತಲಿಲ್ಲ," ಎಂದಳು. "ನಾನು ರೆಪ್ಪೆ ಮಿಟುಕಿಸ್ದೆ ನೋಡ್ತಿದ್ದೆ."

"ಆ ಗಲಾಟೆಲಿ ಬೇರೆ ಯಾರೂ ನೋಡಿಲ್ಲ. ಸಹಿ ಹಾಕಿ. ನಿಮ್ಮ ಕೆಲಸ ಉಳಿಯುತ್ತೆ."

"ಮಸೂದೆ?"

ಅವನು ಪೆನ್ನನ್ನು ಅವಳ ಕಡೆ ಚಾಚಿದ.

"ಎರಡು ವರ್ಷ ಹೋಗುತ್ತೆ ಅಲ್ವಾ? ಗೂಳಿ ಮುರಿದ ಕೈಯಲ್ಲೇ ಚಪ್ಪಾಳೆ ಹೊಡೀತಾನೆ."

"ಮೊದಲನೇ ಏಟಿಗೇ ನಿಮ್ಮನ್ನ ಕರೆದೆ," ಎಂದ ಅವನು. "ಬಾಯಿ ಬಿಡ್ಲಿಲ್ಲ, ಕೈ ಎತ್ಲಿಲ್ಲ. ಒಳಗೊಳಗೇ ಕರೆದೆ. ಒಂದೊಂದು ಏಟಿಗೂ ಕರೆದೆ. ಇಪ್ಪತ್ತು ವರ್ಷ ಎಲ್ಲರಿಗೂ ಸಮ ತೂಗಿದ್ದೀನಿ. ಒಂದೇ ಒಂದು ಸಲ ನನ್ನ ಕಡೆ ವಾಲಿಸ್ಕೋತೀನಿ, ಬಿಡಿ. ಆ ಬಾಗಿಲಲ್ಲಿ ನೀವಿಲ್ದಿದ್ರೆ ನಾನು ದಿನಾ ಯಾಕೆ ಬರ್ಲಿ?"

ಎಂಟು ವರ್ಷ ಅವಳು ಕಾದಿದ್ದ ಮಾತು ಇದೇ. ಊದಿದ ತುಟಿಗಳ ನಡುವಿಂದ, ತೊದಲುತ್ತ ಬಂತು. ಸುಖಕ್ಕೋ ಸಂಕಟಕ್ಕೋ ತಿಳಿಯದೆ ಅಳುತ್ತ ಅವಳು ಮಂಚದ ಅಂಚಿಗೆ ಕೂತಳು. ಸಹಿ ಹಾಕಿದರೆ ನಾಳೆಯೂ ಬಾಗಿಲು ಅವಳದೇ, ನಲವತ್ತು ಹೆಜ್ಜೆಯಾಚೆ ಅವನು. ಅದೇ ಹೊತ್ತಿಗೆ ಅಕ್ಕನ ಬೆನ್ನ ಹಿಂದೆ ಬೀಗ ಬೀಳುತ್ತಿರುತ್ತದೆ.

ಕಣ್ಣೊರೆಸಿಕೊಂಡು ಪೆನ್ನನ್ನು ಅವನ ಬೆರಳುಗಳ ನಡುವೆ ಇಟ್ಟಳು.

"ಈ ಸಾಲಿಗೆ ಹೊಡೀರಿ ಕಾಟು. ನಿಮ್ಮ ಕೈಲಿ ಸುಳ್ಳು ಬರೆಸಿ, ಅಕ್ಕನ್ನ ಒಳಗೆ ಕೂಡಿಹಾಕಿಸಿ, ಆಮೇಲೆ ನಿಮ್ಮ ಜೊತೆ ಯಾವ ಮುಖ ಇಟ್ಕೊಂಡು ಸಂಸಾರ ಮಾಡ್ಲಿ?"

ಅವನು ಒಂದೇ ಕಣ್ಣಲ್ಲಿ ಅವಳನ್ನು ನೋಡಿದ. "ಸಂಸಾರ ಅಂದ್ರಾ?"

"ಅಷ್ಟು ಜನರ ಮುಂದೆ ರೀ ಅಂತ ಕಿರುಚಿದ್ದೀನಿ. ಇನ್ನೇನು ಡಂಗುರ ಹೊಡೆಸ್ಲಾ?"

ಅವನು ಆ ಸಾಲಿಗೆ ಕಾಟು ಹೊಡೆದು, ಕೆಳಗೆ ಬರೆದ: 'ಮಾರ್ಷಲ್ ಕರೆಯದೆ ಬಂದರು.' ಅವಳು ಅದರ ಕೆಳಗೆ ಸಹಿ ಹಾಕಿದಳು. ಸಮವಸ್ತ್ರದ ಭುಜದ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು ಮನೆಗೆ ಹೋದಳು.

ಮರುದಿನ ಸಂಜೆ ಬಾಗಿಲು ತೆರೆದವಳು ಅಕ್ಕ. ಅವನು ಇಸ್ತ್ರಿ ಮಾಡಿದ ಅಂಗಿಯಲ್ಲಿ, ತಲೆ ಬಾಚಿಕೊಂಡು, ಒಂದು ಲಕೋಟೆ ಹಿಡಿದು ನಿಂತಿದ್ದ.

"ಕೆಲಸದಿಂದ ತೆಗೆದ ಆರ್ಡರ್," ಎಂದ. "ಖುದ್ದಾಗಿ ಕೊಟ್ಟು ಸಹಿ ಪಡೀಬೇಕು, ನಿಯಮ."

"ಕೆಲಸದಿಂದ ತೆಗೆಯೋಕೆ ಇಷ್ಟು ಚೆನ್ನಾಗಿ ತಲೆ ಬಾಚ್ಕೊಂಡು ಬರ್ತಾರೇನ್ರೀ?" ಎಂದಳು ಅಕ್ಕ. "ಬನ್ನಿ ಒಳಗೆ. ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ ಇವಳು."

ಅವನು ಕೂತ. ಅವಳು ಎದುರಿಗೆ ಬರದೆ ಗೋಡೆಗೊರಗಿ ನಿಂತಳು.

"ನಲವತ್ತಾರು, ನಲವತ್ತೈದು," ಎಂದ. "ಪಾಸಾಯ್ತು. ಗೂಳಿ ಪ್ಲಾಸ್ಟರ್ ಹಾಕಿಸ್ಕೊಂಡೇ ಬಂದು ಇಲ್ಲ ಅಂದ. ಪೊಲೀಸಿನವರು ಬಾಗಿಲಾಚೆ ಕಾಯ್ತಿದ್ರು, ಸದನ ಮುಗಿದ ಮೇಲೆ ಕರ್ಕೊಂಡು ಹೋದ್ರು."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ನಡೆದಳು. ಅವಳ ಬಿಕ್ಕು ಇಬ್ಬರಿಗೂ ಕೇಳಿಸಿತು.

"ಕಣ್ಣು?" ಎಂದಳು ಅವಳು.

"ಡಾಕ್ಟರು ನೋಡಿದ್ರು. ಎಡಗಣ್ಣು ಇನ್ನು ಬರಲ್ವಂತೆ."

"ಎಪ್ಪತ್ತೇಳಕ್ಕೇ ಬಂದಿದ್ರೆ ಉಳೀತಿತ್ತು." ಅವಳು ತನ್ನ ಅಂಗೈ ನೋಡಿಕೊಂಡಳು. "ನಿಂತಿದ್ದೆ. ನೋಡ್ತಾ ನಿಂತಿದ್ದೆ ನಾನು. ಈ ಕೈಗಳಿಗೆ ಬೆಂಕಿ ಹಾಕ."

"ಆ ಕೈಗಳು ನನಗೆ ಬೇಕು," ಎಂದ ಅವನು. "ಬೆಂಕಿ ಗಿಂಕಿ ಹಾಕ್ಬೇಡಿ. ನಾನು ಕೇಳೋಕೆ ಬಂದಿರೋದು ಅದನ್ನೇ. ನಿಮ್ಮ ಕೈ. ಕೊಡ್ತೀರಾ?"

ಅವಳು ಅವನ ಎಡಗಡೆಯಿದ್ದ ಕುರ್ಚಿಯನ್ನು ಎತ್ತಿಕೊಂಡಳು. ಅವನನ್ನು ಸುತ್ತಿ ಬಂದು ಬಲಗಡೆಗೆ ಇಟ್ಟು, ಅವನ ಕಣ್ಣಿಗೆ ಕಾಣುವ ಹಾಗೆ ಹತ್ತಿರ ಕೂತಳು.