ಮೂರನೆಯ ಹೋಡಿ

“ಆ ದೊಡ್ಡಮನೆಯೊಳಗೆ ನಿಂತಾಗ ಯಾರು ‘ಹೋಡಿ’ ಅಂದ್ರೂ ಬಾಯಿ ಬಿಡಬೇಡ, ಮಗಳೇ. ನಮ್ಮವರೇ ಕೂಗಿದ ಹಾಗಿರುತ್ತೆ. ಆದ್ರೂ ಬಿಡಬೇಡ.”

ಹಾಯಿಯ ಹಗ್ಗ ಬಿಚ್ಚುತ್ತಿದ್ದ ದೋಣಿಯ ಶೋಮರಿ ಅಜ್ಜ ಇಷ್ಟು ಹೇಳಿ ಸಮುದ್ರಕ್ಕೆ ಉಗಿದ. ಜುಹುರಾಳಿಗೆ ನಗು ತಡೆಯಲಾಗಲಿಲ್ಲ. ದಾರ್ ಎಸ್ ಸಲಾಮಿನಂಥ ಪಟ್ಟಣದಲ್ಲಿ ಹುಟ್ಟಿ ಬೆಳೆದವಳು. ಗಂಡ ಸತ್ತ ಮೇಲೆ ಎಂಟು ವರ್ಷದ ಮಗಳು ತತುವನ್ನು ಕಟ್ಟಿಕೊಂಡು ಈ ದಕ್ಷಿಣದ ಕರಾವಳಿಗೆ ಬಂದು ಇನ್ನೂ ಮೂರು ತಿಂಗಳು. ಗೈಡ್ ಪರೀಕ್ಷೆ ಪಾಸು ಮಾಡಿದ್ದಳು. ಗಂಟೆ ಬಾರಿಸಿದಂಥ ಗಂಟಲು ಅವಳದು, ಅದೇ ಅವಳ ಅನ್ನ. ಇವತ್ತು ಮೊದಲ ಸಲ ತಾನೊಬ್ಬಳೇ, ಒಬ್ಬನೇ ಒಬ್ಬ ಅತಿಥಿಯನ್ನು ಮ್ವಾಂಬಾನಿ ದ್ವೀಪದ ಹಾಳೂರು ತೋರಿಸಲು ಕರೆದೊಯ್ಯುತ್ತಿದ್ದಳು. ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸ.

“ಹೋಡಿ ಅಂದವರಿಗೆ ಕರೀಬು ಅನ್ನದಿದ್ರೆ ನಮ್ಮಮ್ಮ ನನ್ನ ಚರ್ಮ ಸುಲಿದಿರೋಳು, ಅಜ್ಜ” ಎಂದಳು. “ಈಗ ನಿಮ್ಮೂರ ದೆವ್ವಕ್ಕೆ ಮಾತ್ರ ಮರ್ಯಾದೆ ಕೊಡಬಾರದಾ?”

“ನಗು, ನಗು. ನಗೋ ವಯಸ್ಸು.”

ಆ ಕಡೆ ಬಾಗಿಲು ತಳ್ಳಿಕೊಂಡು ಯಾರೂ ಒಳಗೆ ಹೋಗುವುದಿಲ್ಲ. ಹೊರಗೆ ನಿಂತು ‘ಹೋಡಿ’ ಎನ್ನಬೇಕು, ಬರಲೇ ಎಂದು. ಒಳಗಿನವರು ‘ಕರೀಬು’ ಎಂದರೆ, ಬನ್ನಿ ಎಂದರೆ, ಆಮೇಲೆ ಹೊಸ್ತಿಲು ದಾಟಬೇಕು. ಮೂರು ಸಲ ಕೂಗಿಯೂ ಉತ್ತರ ಬಾರದಿದ್ದರೆ ಮುನಿಸಿಕೊಳ್ಳದೆ ಬಂದ ದಾರಿ ಹಿಡಿಯಬೇಕು. ನಾಲ್ಕನೆಯದನ್ನು ಕೂಗುವವರು ಕಳ್ಳರು, ಇಲ್ಲವೇ ಹುಚ್ಚರು. ಶಾಲೆ ಮುಗಿದ ಮೇಲೆ ಮನೆಯಲ್ಲಿ ಒಬ್ಬಳೇ ಇರುವ ತತುವಿಗೂ ಜುಹುರಾ ಇದನ್ನೇ ಹೇಳಿಕೊಟ್ಟಿದ್ದಳು. ಬಂದವಳೇ ಅಗುಳಿ ಹಾಕಿಕೋ. ಯಾರು ಕೂಗಿದರೂ ಸುಮ್ಮನಿರು, ಮೂರಾದ ಮೇಲೆ ಅವರೇ ಹೋಗುತ್ತಾರೆ. ನನ್ನ ದನಿ ಕೇಳಿದರೆ ಮಾತ್ರ ಅಗುಳಿ ತೆಗೆ. ಜಾಣೆ ಮಗು, ಒಂದು ದಿನವೂ ತಪ್ಪಿರಲಿಲ್ಲ.

ಹಾಯಿ ಗಾಳಿ ತುಂಬಿಕೊಂಡಿತು. ಅತಿಥಿ ಬೋಗ್ದಾನ್, ಪೋಲೆಂಡಿನ ನಿವೃತ್ತ ಮೇಷ್ಟ್ರು, ದೋಣಿಯ ಮೂತಿಯಲ್ಲಿ ಕ್ಯಾಮೆರಾ ಹಿಡಿದು ಕೂತಿದ್ದರು. ಅವರಿಗೆ ಸ್ವಾಹಿಲಿಯ ಗಂಧಗಾಳಿ ಇಲ್ಲ. ಅಜ್ಜ ಚುಕ್ಕಾಣಿ ಹಿಡಿದು ತನ್ನ ಪಾಡಿಗೆ ಹೇಳುತ್ತಲೇ ಇದ್ದ.

“ಸಿಡುಬು ಬಂದ ವರ್ಷ ಒಬ್ಬಳು ಮಗು ಎತ್ತಿಕೊಂಡು ಆ ಮನೆ ಬಾಗಿಲಿಗೆ ಬಂದ್ಲಂತೆ. ಮೂರು ಸಲ ಹೋಡಿ ಅಂದ್ಲು. ಒಳಗೆ ಮನೆ ತುಂಬ ಜನ, ತಟ್ಟೆ ತುಂಬ ಅನ್ನ. ಒಬ್ಬರೂ ಕಮಕ್ ಕಿಮಕ್ ಅನ್ಲಿಲ್ಲ. ಮಗು ದಂಡೇಲೇ ಹೋಯ್ತು. ಅವಳು ಮಾಟ ಬಲ್ಲವಳು ಅಂತ ಆಮೇಲಲ್ವಾ ಗೊತ್ತಾಗಿದ್ದು. ಮಗೂನ ಕೂದಲು, ಅರಿವೆ ಎಲ್ಲ ಗಡಿಗೇಲಿ ತುಂಬಿ ಆ ಹೊಸ್ತಿಲ ಕೆಳಗೆ ಹೂತಳು. ಇನ್ಮೇಲೆ ನಾನು ಇಲ್ಲಿ ಕೂಗ್ತಾನೇ ಇರ್ತೀನಿ, ಓಗೊಟ್ಟವರ ದನಿ ನಂದು, ಅವರ ಮನೆ ನಂದು ಅಂದ್ಲಂತೆ.”

“ಊಟ ಆದ್ಮೇಲೆ ಇದನ್ನ ಇವರಿಗೆ ಹೇಳ್ತೀನಿ, ಅಜ್ಜ. ಬಿಳಿಯರಿಗೆ ಇಂಥವು ಅಂದ್ರೆ ಪ್ರಾಣ.”

ಅಜ್ಜ ಮುಖ ತಿರುಗಿಸಿ ಚುಕ್ಕಾಣಿ ಬಿಗಿಹಿಡಿದ.

ದ್ವೀಪದಲ್ಲಿ ಬಿಸಿಲು ಸುಡುತ್ತಿತ್ತು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದಿಂದ ಕೆಸರಿನ ಕಮಟು ಬರುತ್ತಿತ್ತು. ಜುಹುರಾ ಮುರಿದ ಗುಮ್ಮಟಗಳ ಮಸೀದಿ ತೋರಿಸಿದಳು, ಪಿಂಗಾಣಿ ಬಟ್ಟಲು ಕೂರಿಸಿದ್ದ ಗೋರಿಗಂಬ ತೋರಿಸಿದಳು, ಒಣಗಿದ ಬಾವಿಗೆ ಬಗ್ಗಿ ಕೂಗಿ ತನ್ನ ದನಿ ಮೂರು ಸಲ ಮರಳುವುದನ್ನು ಕೇಳಿಸಿದಳು. ಬೋಗ್ದಾನ್ ಚಪ್ಪಾಳೆ ತಟ್ಟಿದರು. ಆನೆಹುಣಸೆ ಮರದ ನೆರಳಲ್ಲಿ ತೆಂಗಿನಹಾಲಿನ ಅನ್ನ, ಹುರಿದ ಮೀನು ತಿಂದಾಯಿತು. ಕೊನೆಗೆ ಉಳಿದದ್ದು ದೊಡ್ಡಮನೆ.

ಹವಳಗಲ್ಲಿನ ಗೋಡೆಗಳು ಹೊಗೆ ಹಿಡಿದಂತೆ ಕಪ್ಪಾಗಿದ್ದವು. ಮುಂದಿನ ಕೋಣೆಗೆ ಆಕಾಶವೇ ಸೂರು. ಅದರ ಹಿಂದಿನ ನಡುಮನೆಗೆ ಮಾತ್ರ ಚಾವಣಿ ಉಳಿದಿತ್ತು. ಅಲ್ಲಿ ಹಗಲಿಗೂ ಕತ್ತಲೆ, ಬಾವಲಿ ಹಿಕ್ಕೆಯ ನಾತ. ಆ ನಾತದ ಅಡಿಯಲ್ಲಿ ಎಲ್ಲೋ ಆಗಷ್ಟೇ ಆರಿಸಿದಂಥ ಲೋಬಾನದ ವಾಸನೆ. ಜುಹುರಾಳ ತೋಳಿನ ಕೂದಲು ನಿಂತವು. ಸೆಕೆಗೆ ಹೀಗಾಗುತ್ತದೆ ಎಂದುಕೊಂಡಳು. ಸೆಕೆಗೆ ಹಾಗಾಗುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

“ನಮ್ಮ ಕಡೆ ಮನೆಗೆ ಹೇಗೆ ಬರ್ತಾರೆ ಅಂತ ಆಡಿ ತೋರಿಸೋಣ” ಎಂದಳು. ಇದು ಅವಳೇ ಹೊಸದಾಗಿ ಹೊಂದಿಸಿಕೊಂಡಿದ್ದ ಆಟ. “ನೀವು ಹೊರಗೆ ಹೋಗಿ ಬಾಗಿಲಲ್ಲಿ ನಿಂತು ಹೋಡಿ ಅನ್ನಿ, ಮೂರು ಸಲ. ನಾನು ಒಳಗಿಂದ ಕರೀಬು ಅಂತೀನಿ. ಆಗ ನೀವು ನಮ್ಮನೆ ನೆಂಟರು.”

“ಹೋಡಿ” ಎಂದು ನಾಲಿಗೆ ಹೊರಳಿಸಿ ನೋಡಿಕೊಂಡು, ನಗುತ್ತ ಬೋಗ್ದಾನ್ ಹೊರಟರು. ಬೂಟಿನ ಸದ್ದು ದೂರವಾಯಿತು. ಜುಹುರಾ ನಡುಮನೆಯ ಕತ್ತಲಲ್ಲಿ ಕಾದಳು. ಅಜ್ಜನ ಮಾತು ನೆನಪಾಗಲಿಲ್ಲವೆಂದಲ್ಲ, ನೆನಪಾಯಿತು. ಕೂಗುವವರು ಯಾರೆಂದು ಗೊತ್ತಿರುವಾಗ ಎಂಥ ಹೆದರಿಕೆ ಎಂದುಕೊಂಡಳು ಪುಣ್ಯಾತ್ಗಿತ್ತಿ.

“ಹೋಡಿ.”

ಮೆಲ್ಲಗಿತ್ತು ದನಿ. ಮುದುಕರದ್ದು ಹೀಗೇ.

“ಹೋಡಿ.”

ಈ ಸಲ ಹತ್ತಿರ. ಬಾವಲಿಗಳು ಕಿಚಗುಟ್ಟುವುದನ್ನು ನಿಲ್ಲಿಸಿದವು.

“ಹೋಡಿ.”

“ಕರೀಬು” ಎಂದಳು ಜುಹುರಾ, ಗಂಟೆ ಬಾರಿಸಿದಂಥ ದನಿಯಲ್ಲಿ. “ಬನ್ನಿ, ಒಳಗೆ ಬನ್ನಿ, ನಿಮ್ಮದೇ ಮನೆ.”

ಯಾರೂ ಬರಲಿಲ್ಲ. ತಣ್ಣನೆಯ ಗಾಳಿಯೊಂದು ಅವಳ ತುಟಿಗೆ ತಾಕಿ, ಬಾಯೊಳಗೆ ಹೊಕ್ಕು, ಏನನ್ನೋ ಎತ್ತಿಕೊಂಡು ಹೊರಟಂತಾಯಿತು. ಬಾಯಿ ತುಂಬ ಬೂದಿಯ ರುಚಿ. ಕೆಮ್ಮುತ್ತ ಹೊರಗೋಡಿ ಬಂದರೆ ಬೋಗ್ದಾನ್ ಎಲ್ಲೋ ಅತ್ತ, ಆ ಒಣಬಾವಿಯ ಕಟ್ಟೆಯ ಮೇಲೆ ಕೂತು ಬೂಟಿನಿಂದ ಮುಳ್ಳು ಕೀಳುತ್ತಿದ್ದರು.

“ತಡವಾಯ್ತು, ಕ್ಷಮಿಸಿ” ಎಂದರು. “ಮುಳ್ಳು ಚುಚ್ಚಿತು. ಈಗ ಬಂದು ಕೂಗಲಾ?”

ಬೇಡ ಎಂದಳು ಜುಹುರಾ. ಆ ‘ಬೇಡ’ ಸೀಳಿದ ಬಿದಿರಿನಂತೆ ಹೊರಬಂತು.

ದಂಡೆಯಲ್ಲಿ ನೀರು ಇಳಿಯತೊಡಗಿತ್ತು. ಅಜ್ಜ ಅವಳ ಮುಖ ನೋಡಿದ.

“ಓಗೊಟ್ಟೆಯಾ?”

“ಇವರು ಕೂಗಿದ್ದು ಅಂದ್ಕೊಂಡೆ.” ದನಿ ಇನ್ನಷ್ಟು ಒಡೆದಿತ್ತು.

ಅಜ್ಜ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅವಳ ಕೈ ಹಿಡಿದು ಹೇಳಿದ: “ಒಂದು ಮಾತು ಕೇಳು. ಇವತ್ತು ಇಲ್ಲೇ ಇರು. ನೀನು ದೋಣಿ ಹತ್ತದೆ ಅದು ನೀರು ದಾಟಲ್ಲ. ಮಂತ್ರ ಬಲ್ಲ ನನ್ನ ಭಾವನ್ನ ನಾಳೆ ಕರ್ಕೊಂಡು ಬರ್ತೀನಿ. ಗಡಿಗೆ ತೆಗೆಸೋಣ.”

“ಮತ್ತೆ ತತು?”

“ನಾನು ಹೋಗಿ ನೋಡ್ಕೊತೀನಿ, ತಾಯಿ.”

“ನಿಮಗೆ ಅವಳು ಅಗುಳಿ ತೆಗೆಯಲ್ಲ ಅಜ್ಜ. ರಾತ್ರಿಯೆಲ್ಲ ಒಬ್ಬಳೇ ಅಳ್ತಾ ಕೂತಿರ್ತಾಳೆ.” ಜುಹುರಾ ಕೈ ಬಿಡಿಸಿಕೊಂಡಳು. “ಗಂಟಲು ಕಟ್ಟಿದೆ, ಅಷ್ಟೇ. ನಡೀರಿ.”

ಹೆದರಿದ್ದಳು, ಸುಳ್ಳೇಕೆ. ಆದರೆ ಎಂಟು ವರ್ಷದ ಕೂಸನ್ನು ಕತ್ತಲಲ್ಲಿ ಬಿಟ್ಟು ಈ ಹಾಳು ದ್ವೀಪದಲ್ಲಿ ಯಾವ ತಾಯಿ ಕೂತಾಳು?

ದೋಣಿ ಹೊರಟಿತು. ಗಾಳಿ ಜೋರಾಗಿತ್ತು, ಹಾಯಿ ಬಿಗಿದಿತ್ತು, ದೋಣಿ ಮಾತ್ರ ಮುಂದಕ್ಕೇ ಹೋಗದು. ಬೆಳಿಗ್ಗೆ ನೀರಿನಿಂದ ಗೇಣು ಮೇಲಿದ್ದ ಅಂಚು ಈಗ ಬೆರಳಗಲ ಮಾತ್ರ ಮೇಲಿತ್ತು. ಇದ್ದವರು ಮೂವರೇ. ಜುಹುರಾ ಮೂರನ್ನು ಎಣಿಸಿದಳು, ಮತ್ತೆ ಎಣಿಸಿದಳು. ಪಕ್ಕದ ಅಡ್ಡಹಲಗೆ ಖಾಲಿಯಿತ್ತು. ಅದರ ನಡುಭಾಗ ತೂಕ ಹೊತ್ತಂತೆ ಬಗ್ಗಿತ್ತು. ಅಲ್ಲಿಂದ ಲೋಬಾನದ ವಾಸನೆ ಬರುತ್ತಿತ್ತು. ಅಜ್ಜ ಆ ಕಡೆ ನೋಡದೆ ತುಟಿಯಲ್ಲೇ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದ.

ಅರ್ಧ ದಾರಿಯಲ್ಲಿ ಖಾಲಿ ಹಲಗೆಯ ಕಡೆಯಿಂದ ಅವಳ ಕಿವಿಯ ಹತ್ತಿರ ಯಾರೋ ಮೆತ್ತಗೆ ಅಂದರು: “ತತು.”

ದನಿ ಜುಹುರಾಳದ್ದೇ. ಅಕ್ಕರೆಗೆ ಕೊನೆಯಕ್ಷರ ಎಳೆಯುವ ಅಭ್ಯಾಸವೂ ಅವಳದ್ದೇ. “ತತೂ” ಎಂದಿತು ಇನ್ನೊಮ್ಮೆ, ರೂಢಿ ಮಾಡಿಕೊಳ್ಳುತ್ತಿರುವಂತೆ.

ಚೀರಲು ನೋಡಿದಳು. ಗಂಟಲಿನಿಂದ ಬಂದದ್ದು ಒಣ ಎಲೆ ತುಳಿದ ಸದ್ದು.

“ಅಜ್ಜ, ದೋಣಿ ತಿರುಗಿಸಿ. ವಾಪಸ್ ಹೋಗೋಣ.”

“ಇಳಿತ ಜೋರಾಗಿದೆ ಮಗಳೇ. ಈಗ ಆ ದಂಡೆ ಮುಟ್ಟೋಕಾಗಲ್ಲ.” ಅಜ್ಜನ ಕಣ್ಣಲ್ಲಿ ನೀರಿತ್ತು. “ಇಳಿದ ತಕ್ಷಣ ಓಡು. ಅದಕ್ಕಿಂತ ಮುಂಚೆ ನೀನು ಹೊಸ್ತಿಲು ಮುಟ್ಟಿದ್ರೆ ಮನೆ ನಿಂದೇ.”

ಊರಿನ ದಂಡೆ ಬಂತು. ಜುಹುರಾ ಮೂತಿಯಲ್ಲಿ ಒಂಟಿಕಾಲಲ್ಲಿ ನಿಂತಿದ್ದಳು, ಹಾರಲು. ದೋಣಿ ಇನ್ನೂ ಮರಳಿಗೆ ತಾಗಿರಲಿಲ್ಲ. ಯಾರೂ ಇಳಿದಿರಲಿಲ್ಲ. ಆಗಲೇ ದೋಣಿ ಹಗುರಾಗಿ ಗೇಣು ಮೇಲೆದ್ದಿತು. ಎದುರಿನ ಒಣಮರಳಿನ ಮೇಲೆ ಒದ್ದೆ ಹೆಜ್ಜೆಗಳು ಮೂಡಿದವು. ಒಂದು, ಎರಡು, ಹತ್ತು. ಊರಿನ ಕಡೆಗೆ.

ಓಡಿದಳು.

ಮೀನಿನ ಬುಟ್ಟಿಗಳ ನಡುವೆ ಓಡಿದಳು. ಮರಗೆಣಸು ಕರಿಯುವ ಬಾಣಲೆಗಳ ಪಕ್ಕ ಓಡಿದಳು. ಸೈಕಲ್ಲಿಗೆ ಡಿಕ್ಕಿ ಹೊಡೆದಳು. ಎದ್ದಳು. ಮಂಡಿ ಒಡೆದಿತ್ತು. ಚಪ್ಪಲಿ ಎಲ್ಲೋ ಹೋಯಿತು. ಮಸೀದಿಯಲ್ಲಿ ಸಂಜೆಯ ಬಾಂಗ್ ಶುರುವಾಗಿತ್ತು. ಓಣಿ. ತಿರುವು. ಬೇವಿನ ಮರ. ಹಸಿರು ಬಾಗಿಲು.

ಬಾಗಿಲು ಮುಚ್ಚಿತ್ತು. ಹೊಸ್ತಿಲು ಒದ್ದೆಯಾಗಿತ್ತು.

ಒಳಗೆ ತತು ಕಿಲಕಿಲ ನಗುತ್ತಿದ್ದಳು. ಎಣ್ಣೆಯಲ್ಲಿ ಏನೋ ಚುಂಯ್‌ಗುಟ್ಟುತ್ತಿತ್ತು. ಬಾಗಿಲ ಸಂದಿಗೆ ಕಣ್ಣಿಟ್ಟಳು. ಒಲೆಯ ಮುಂದೆ ಅವಳದೇ ಹಳದಿ ಕಾಂಗಾ ಬಟ್ಟೆ ಹೊದ್ದ ಬೆನ್ನು. ಬೆನ್ನಿಗೆ ಆತುಕೊಂಡು ತತು. ಹೊದ್ದವಳ ಪಾದಗಳಿಂದ ನೀರು ಇಳಿದು ನೆಲದ ಮೇಲೆ ಹರಡುತ್ತಿತ್ತು, ಮಗು ಅದನ್ನು ನೋಡಿರಲಿಲ್ಲ.

ಜುಹುರಾ ಬಾಗಿಲು ತಳ್ಳಲು ಕೈ ಎತ್ತಿದಳು. ಕೈ ಮುಂದೆ ಹೋಗಲಿಲ್ಲ. ಎಷ್ಟು ಒದ್ದಾಡಿದರೂ ಬೆರಳು ಹಲಗೆಗೆ ತಾಗದು. ತಾನೀಗ ಹೊರಗಿನವಳು, ಕೂಗಿಯೇ ಒಳಗೆ ಹೋಗಬೇಕಾದವಳು ಎಂದು ಆಗ ಅರ್ಥವಾಯಿತು. ತತು ಎಂದು ಕರೆಯಲು ಬಾಯಿ ತೆರೆದಳು. ಬಾಯಿಗೆ ಬಂದದ್ದು ಒಂದೇ ಮಾತು.

“ಹೋಡಿ.”

ದೊಡ್ಡಮನೆಯಲ್ಲಿ ಕೇಳಿದ ಅದೇ ದನಿ. ಮೆಲ್ಲಗಿನದು, ಮುದಿಯದು.

ಒಳಗೆ ನಗು ನಿಂತಿತು. “ಅಮ್ಮಾ, ಬಾಗಿಲಲ್ಲಿ ಯಾರೋ ಇದ್ದಾರೆ.”

“ಯಾರು ಹೋಡಿ ಅಂದ್ರೂ ಬಾಯಿ ಬಿಡಬೇಡ, ಮಗಳೇ” ಎಂದಿತು ಗಂಟೆ ಬಾರಿಸಿದಂಥ ದನಿ. “ನಮ್ಮವರೇ ಕೂಗಿದ ಹಾಗಿರುತ್ತೆ. ಆದ್ರೂ ಬಿಡಬೇಡ.”

“ಹೋಡಿ.”

ಸಂದಿಯ ಆಚೆ ಮಗುವಿನ ಕಣ್ಣು ಬಂತು. ಅಮ್ಮನ ಕಣ್ಣಿಗೆ ಎದುರಾಗಿ, ನಾಲ್ಕು ಬೆರಳ ದೂರದಲ್ಲಿ. ಜುಹುರಾ ನಾನು, ನಾನು ಎನ್ನಲು ತುಟಿ ಅಲುಗಿಸಿದಳು. ಮಗು ಹೆದರಿ ಹಿಂದೆ ಸರಿಯಿತು.

“ಎಷ್ಟು ಕೆಟ್ಟದಾಗಿದೆ ಆ ಅಜ್ಜಿ ಕಣ್ಣು” ಎಂದಿತು.

ಕೂಗಬಾರದು ಎಂದು ಜುಹುರಾ ಹಲ್ಲು ಕಚ್ಚಿದಳು. ಮೂರನೆಯದು ಉಳಿದಿರುವವರೆಗೆ ಇಲ್ಲಿ ನಿಲ್ಲಬಹುದು. ಬೆಳಗಾಗುವವರೆಗೂ, ಅಜ್ಜ ಬರುವವರೆಗೂ ನಿಲ್ಲಬಹುದು. ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. ಒಳಗೆ ಒಲೆಯ ಮುಂದಿನ ಬೆನ್ನು ಮೆಲ್ಲಗೆ ತಿರುಗತೊಡಗಿತು. ಮಗುವಿನ ತಲೆಯ ಮೇಲೆ ಒದ್ದೆ ಕೈಯೊಂದು ಬಂದು ಕೂತಿತು.

ತಾಯಿಯ ಕೈ ಬಾಯಿಂದ ಜಾರಿತು.

“ಹೋಡಿ.”

ಉತ್ತರವಿಲ್ಲ. ಎಣ್ಣೆಯ ಸದ್ದು ಮಾತ್ರ. ಜುಹುರಾಳ ಪಾದಗಳು ಅವಳ ಅಪ್ಪಣೆ ಕೇಳದೆ ಬಾಗಿಲಿಗೆ ಬೆನ್ನು ಮಾಡಿದವು. ಬೇವಿನ ಮರದ ಕಡೆಗೆ, ಓಣಿಯ ಕಡೆಗೆ, ಸಮುದ್ರದ ಕಡೆಗೆ ಹೆಜ್ಜೆ ಇಟ್ಟವು. ಹಿಂದೆ ಹಸಿರು ಬಾಗಿಲಿನೊಳಗಿಂದ ತತು ಬೆರಳು ಮಡಚುತ್ತ, ಪಾಠ ಒಪ್ಪಿಸುವ ಜಾಣೆಯಂತೆ ಹೇಳುತ್ತಿದ್ದುದು ಕೇಳಿಸಿತು.

“ಮೂರಾಯ್ತು. ಇನ್ನು ಅವರೇ ಹೋಗ್ತಾರೆ, ಅಲ್ವಾ ಅಮ್ಮಾ?”