ಕೇಳದೆ ಅಚ್ಚಾದ ಅಂಕಿ

ಅವರಿಬ್ಬರ ಪರಿಚಯ ಒಂದು ತಪ್ಪಿನಿಂದ ಆರಂಭವಾಯಿತು. ಪತ್ರಿಕೆಯ ಅಪರಾಧ ವರದಿಗಾರ, ಕಳ್ಳತನಗಳು ನಲವತ್ತರಿಂದ ಅರವತ್ತಕ್ಕೆ ಏರಿವೆ, ಅಂದರೆ ಶೇಕಡ ಇಪ್ಪತ್ತರಷ್ಟು ಹೆಚ್ಚಳ ಎಂದು ಬರೆದಿದ್ದ. ಶಾಲೆಯ ಲೆಕ್ಕದ ಟೀಚರ್ ಪತ್ರಿಕೆಗೆ ಒಂದು ಸಾಲಿನ ಪತ್ರ ಕಳಿಸಿದಳು: ಹೆಚ್ಚಳ ಐವತ್ತು, ತಿದ್ದಿಕೊಳ್ಳಿ.

ಮೂರನೆಯ ದಿನ ಅವನೇ ಶಾಲೆಗೆ ಬಂದ. ಖಾಲಿ ತರಗತಿಯ ಮುಂದಿನ ಬೆಂಚಿನಲ್ಲಿ ಮಂಡಿ ಮಡಚಿ ಕುಳಿತು, ಹೇಳಿಕೊಡಿ ಎಂದ. ಅವಳು ಹಲಗೆಯ ಮೇಲೆ ಬರೆದು ತೋರಿಸಿದಳು. ತಿರುಗಿದಾಗ ಅವನ ನೋಟ ಹಲಗೆಯ ಮೇಲಿರಲಿಲ್ಲ. ಅವಳ ಕೆನ್ನೆಗೆ ಅಂಟಿದ್ದ ಸೀಮೆಸುಣ್ಣದ ಮೇಲಿತ್ತು.

“ಅರ್ಥ ಆಯ್ತಾ?”

“ಅರ್ಧ ಆಯ್ತು, ಟೀಚರ್.”

“ಅರ್ಧ ಅಂದ್ರೆ ಶೇಕಡ ಎಷ್ಟು?”

ಅಂದಿನಿಂದ ಅವನ ಹೆಸರು ಶೇಕಡ ಎಂದಾಯಿತು. ವರದಿಯಲ್ಲಿ ಅಂಕಿಯೊಂದಿದ್ದರೆ, ಅಚ್ಚಿಗೆ ಹೋಗುವ ಮೊದಲು ಫೋನು ಮಾಡಿ ಅವಳನ್ನು ಕೇಳುವುದು ಅವನ ವಾಡಿಕೆಯಾಯಿತು. ಫೋನು ಬಂದರೆ ತಂಗಿ ಓಡಿಹೋಗಿ ಎತ್ತಿಕೊಂಡು, “ಅಕ್ಕಾ, ನಿನ್ನ ನೂರಕ್ಕೆ ನೂರು” ಎಂದು ಕೂಗುತ್ತಿದ್ದಳು. ಅಮ್ಮ ಭೂತಗನ್ನಡಿ ಹಿಡಿದು, ಅಳಿಯನಾಗುವವನ ಹೆಸರಿದ್ದ ಸುದ್ದಿಯನ್ನು ಮಾತ್ರ ಓದಿ, ಪತ್ರಿಕೆಯನ್ನು ಮಡಚಿಡುತ್ತಿದ್ದರು.

ತಂಗಿ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದಳು. ಮದುವೆಗೆ ಒಲ್ಲೆ ಎಂದದ್ದಕ್ಕೆ, ಪಕ್ಕದ ಅಂಗಡಿಯವನು ಹಾಡಹಗಲೇ ಒಳಗೆ ನುಗ್ಗಿ ಅವಳನ್ನು ಇರಿದು ಕೊಂದ. ಆಸ್ಪತ್ರೆಗೆ ಹೋಗಿ ದೇಹವನ್ನು ಗುರುತಿಸಿದವಳು ಅಕ್ಕ. ಹದಿನಾಲ್ಕು ಗಾಯ ಎಂದು ವೈದ್ಯರು ಅವಳಿಗೆ ತಿಳಿಸಿದರು.

ಮನೆಗೆ ಬಂದು ಅವಳು ಅಮ್ಮನಿಗೆ ಹೇಳಿದ್ದು, “ಒಂದೇ ಏಟು, ಅಮ್ಮ. ಅವಳಿಗೆ ಗೊತ್ತೇ ಆಗಿಲ್ಲ.” ಇಪ್ಪತ್ತು ವರ್ಷ ಲೆಕ್ಕ ಕಲಿಸಿದವಳು ತಿಳಿದೂ ತಿಳಿದೂ ತಪ್ಪು ಅಂಕಿ ಹೇಳಿದ್ದು ಅದೇ ಮೊದಲು. ಅಮ್ಮ ಅದನ್ನು ಹಿಡಿದುಕೊಂಡು ಎರಡು ತುತ್ತು ಉಂಡರು.

ಈ ಸುಳ್ಳು ತಿಳಿದಿದ್ದವನು ಒಬ್ಬನೇ. ಮರುದಿನ ದೇಹ ಪಡೆಯಲು ಹೋದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳು ಶೇಕಡನಿಗೆ ಎಲ್ಲವನ್ನೂ ಹೇಳಿ ಅತ್ತಿದ್ದಳು. ಅವನ ಎರಡೂ ಕೈಗಳು ಅವಳ ಕೈಗಳನ್ನು ಹಿಡಿದಿದ್ದವು, ಪೆನ್ನು ಜೇಬಿನಲ್ಲಿತ್ತು.

ಐದನೆಯ ದಿನ ಬೆಳಿಗ್ಗೆ, ಮುಖಪುಟದಲ್ಲಿ ಅವನ ಹೆಸರಿನ ಕೆಳಗೆ ಆ ಸುದ್ದಿ ಬಂತು. ತಲೆಬರಹದಲ್ಲಿ ಹದಿನಾಲ್ಕು ಎಂಬುದು ಬೆರಳುದ್ದದ ಅಕ್ಷರಗಳಲ್ಲಿತ್ತು. ಕೊನೆಯ ಸಾಲು ಹೀಗಿತ್ತು: ‘ಒಂದೇ ಏಟು ಎಂದು ಹಿರಿಯ ಮಗಳು ತಾಯಿಯನ್ನು ನಂಬಿಸಿದ್ದಾಳೆ.’

ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಓದಿ ಮುಗಿಸಿದ್ದರು. ಅಳಲಿಲ್ಲ. ಭೂತಗನ್ನಡಿಯನ್ನು ಸೆರಗಿನಲ್ಲಿ ಒರೆಸುತ್ತಾ, ಕೇಳಿದರು.

“ಹದಿನಾಲ್ಕರಲ್ಲಿ ಎಷ್ಟು ಅವಳಿಗೆ ಗೊತ್ತಾಗಿರುತ್ತೆ?”



ಅಂದು ಮಧ್ಯಾಹ್ನ ಅವನು ಮನೆ ಬಾಗಿಲಿಗೆ ಬಂದಾಗ ಅವಳು ಒಳಗೆ ಕರೆಯಲಿಲ್ಲ. ಮೆಟ್ಟಿಲಲ್ಲೇ ನಿಂತು ಅವನು ವಿವರಿಸಿದ: ಹದಿನಾಲ್ಕು ಎಂಬುದು ಪೊಲೀಸರ ದಾಖಲೆಯಲ್ಲೂ ಇದೆ, ಇಂದಲ್ಲ ನಾಳೆ ಯಾರಾದರೂ ಬರೆಯುತ್ತಿದ್ದರು, ತಲೆಬರಹ ಕೊಟ್ಟವರು ಡೆಸ್ಕಿನ ಉಪಸಂಪಾದಕರು.

“ಕೊನೇ ಸಾಲು ಯಾವ ದಾಖಲೇಲಿತ್ತು?”

ಅವನು ತಲೆ ತಗ್ಗಿಸಿದ. ಬೇರೆ ಪತ್ರಿಕೆಯಲ್ಲಿಲ್ಲದ ಒಂದು ಸಾಲು ಬೇಕೆಂದು ಸಂಪಾದಕರು ಪಟ್ಟುಹಿಡಿದಿದ್ದರಂತೆ. ಅವನ ಬಳಿ ಇದ್ದದ್ದು ಅದೊಂದೇ ಅಂತೆ.

“ಅಂಗಡಿ ಕಳ್ಳತನದ ಅಂಕಿಗೂ ನನ್ನನ್ನ ಕೇಳ್ತಿದ್ದೆ. ಇದನ್ನ ಯಾಕೆ ಕೇಳ್ಲಿಲ್ಲ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

“ಹಾಗಾದ್ರೆ ಉತ್ತರ ಗೊತ್ತಿತ್ತು.”

ತಿದ್ದುಪಡಿ ಹಾಕಿಸುತ್ತೇನೆ ಎಂದ. ಏನೆಂದು ಹಾಕಿಸುತ್ತೀ, ಅಂಕಿ ಸರಿಯಾಗಿಯೇ ಇದೆಯಲ್ಲ ಎಂದು ಅವಳು ಬಾಗಿಲು ಮುಚ್ಚಿದಳು. ಅವನ ಚಪ್ಪಲಿಯ ಸದ್ದು ಬೀದಿಯ ತಿರುವು ದಾಟುವವರೆಗೂ ಚಿಲಕದ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

ಅಮ್ಮ ಪತ್ರಿಕೆ ಓದುವುದನ್ನು ಬಿಟ್ಟರು. ಮಗಳನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಹಾಲು ಕಾಯಿಸಿದ್ದೇನೆ ಎಂದು ಅವಳು ಹೇಳಿದರೆ ಎದ್ದುಹೋಗಿ ಪಾತ್ರೆ ಮುಟ್ಟಿ ನೋಡುತ್ತಿದ್ದರು; ಹೊರಗೆ ಮಳೆಯಿಲ್ಲ ಎಂದರೆ ಕಿಟಕಿಯವರೆಗೆ ಹೋಗಿ ಬರುತ್ತಿದ್ದರು.

ಒಂದು ತಿಂಗಳ ಮೇಲೆ, ಸಂಜೆ ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಫೋನು ಬಂತು.

“ಎಪ್ಪತ್ತೈದರಿಂದ ತೊಂಬತ್ತಕ್ಕೆ ಏರಿದ್ರೆ, ಶೇಕಡ ಎಷ್ಟು?”

ಆ ದನಿಗೆ ಅವಳ ಎದೆ ಹಳೆಯ ಅಭ್ಯಾಸದಂತೆ ಒಮ್ಮೆ ಎದ್ದು ಕುಳಿತಿತು.

“ಇಪ್ಪತ್ತು.”

“ಗೊತ್ತಿತ್ತು. ಆ ಮೊದಲನೇ ದಿನ ಬಿಟ್ರೆ, ಆಮೇಲೆಲ್ಲ ನನಗೇ ಬರ್ತಿತ್ತು. ನಿನ್ನ ದನಿಗೋಸ್ಕರ ಕೇಳ್ತಿದ್ದೆ.”

“ನನಗೂ ಗೊತ್ತಿತ್ತು, ಶೇಕಡ.”

ಆ ಹೆಸರಿಗೆ ಅವನ ಉಸಿರು ತಡೆದದ್ದು ಕೇಳಿಸಿತು.

“ಈಗ?”

ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು. “ಇನ್ಮೇಲೆ ನೀನೇ ಮಾಡ್ಕೋ” ಎಂದು ಮೆಲ್ಲಗೆ ಹೇಳಿ ಫೋನು ಇಟ್ಟಳು.

“ಯಾರೇ ಅದು?” ಒಳಗಿನಿಂದ ಅಮ್ಮ ಬಂದು ನಿಂತಿದ್ದರು.

“ರಾಂಗ್ ನಂಬರ್, ಅಮ್ಮ.”

ಅಮ್ಮ ನಂಬಿದವರಂತೆ ತಲೆಯಾಡಿಸಿದರು.