ಕುಳಿತು ನೋಡಿದ ಕಿಟಕಿ

"ಈ ಕೋಣೆ ಹೀಗೇ ಕಟ್ಟೋಕಾಗಲ್ಲ."

ತುಂಬಿದ ಸಭೆಯಲ್ಲಿ ವಿಆರ್ ಕನ್ನಡಕ ತೆಗೆದಿಡುತ್ತಾ ಕಾರ್ಖಾನೆಯ ಇಂಜಿನಿಯರ್ ಆಡಿದ ಮೊದಲ ಮಾತೇ ಅದು. ಕೋಣೆಯ ವಿನ್ಯಾಸ ಮಾಡಿದ ಹುಡುಗಿ ಥಟ್ಟನೆ ತಲೆ ಎತ್ತಿದಳು.

ಗುಳಿಗೆ ಪ್ಯಾಕ್ ಮಾಡುವ ನಲವತ್ತು ಹೆಂಗಸರಿಗಾಗಿ ಅವಳು ಮೂರು ತಿಂಗಳು ಹಟ ಹಿಡಿದು ರೂಪಿಸಿದ ಕೋಣೆ. ಒಂದು ಇಟ್ಟಿಗೆ ಇಡುವ ಮೊದಲೇ ಕನ್ನಡಕ ತೊಟ್ಟು ಒಳಗೆಲ್ಲ ಅಡ್ಡಾಡಬಹುದಿತ್ತು. ಉದ್ದಕ್ಕೂ ಕಿಟಕಿ, ಆಚೆ ಮರಗಳು... ಅವಳ ಮೊದಲ ಸ್ವಂತ ವಿನ್ಯಾಸ!

ಒಂದು ವಾರದಲ್ಲಿ ಸರಿಯಾಗದಿದ್ದರೆ ಕೆಲಸ ಬೇರೆಯವರಿಗೆ ಎಂದರು ಮಾಲೀಕರು. ಇಂಜಿನಿಯರ್ ಏನೋ ವಿವರಿಸಲು ಬಂದ. ಅವಳು ಕೇಳಿಸಿಕೊಂಡರೆ ತಾನೆ? ಮೂಗಿನ ತುದಿಯಲ್ಲಿ ಕೋಪವಿಟ್ಟುಕೊಂಡು ಹೊರಟೇಬಿಟ್ಟಳು.

'ಎಷ್ಟು ಜಂಬ ಇವನಿಗೆ...'

ಮೂರನೇ ದಿನ ಪ್ಯಾಕಿಂಗ್ ಹೆಂಗಸರ ಹಿರಿಯಕ್ಕ ಅವಳನ್ನು ಕರೆಸಿಕೊಂಡಳು. ಸಭೆಗೆ ಮೊದಲೇ ಇಂಜಿನಿಯರ್ ತಮಗೆಲ್ಲ ಕನ್ನಡಕ ತೊಡಿಸಿ ಕೋಣೆ ತೋರಿಸಿದ್ದನ್ನು, ಅವನೂ ಇಡೀ ಪಾಳಿ ಸ್ಟೂಲಿನ ಮೇಲೆ ಕುಳಿತು ಗುಳಿಗೆ ತುಂಬಿ ಸೊಂಟ ಹಿಡಿಸಿಕೊಂಡಿದ್ದನ್ನು ಹೇಳಿ ನಕ್ಕಳು. ಆಮೇಲೆ ಮೆಲ್ಲಗೆ ಅಂದಳು:

"ನಿನ್ನ ಕೋಣೆ ಚೆಂದ ಇದೆ ಕಣಮ್ಮ. ಆದ್ರೆ ನಾವು ಎಂಟು ಗಂಟೆ ಕೂತಿರೋರು. ಕೂತ್ರೆ ಕಾಣೋದು ಬರೀ ಗೋಡೆ."

ಹುಡುಗಿ ಕನ್ನಡಕ ತೊಟ್ಟು ಸ್ಟೂಲಿನ ಮೇಲೆ ಕುಳಿತಳು. ಕಿಟಕಿ ತಲೆಗಿಂತ ಮೇಲೆ, ಮರಗಳು ಮಾಯ! ಮೂರು ತಿಂಗಳು ಒಳಗೆಲ್ಲ ಸುತ್ತಾಡಿದ್ದಳು, ಒಮ್ಮೆಯೂ ಕುಳಿತು ನೋಡಿರಲಿಲ್ಲ...

ಮುಖ ಬಿಸಿಯಾಯಿತು. ಆದರೆ ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. ಹೆಂಗಸರನ್ನೇ ಸುತ್ತ ಕೂರಿಸಿಕೊಂಡು, ಅವರು ಸಾಕು ಅನ್ನುವವರೆಗೆ ವಿನ್ಯಾಸದಲ್ಲಿ ಕಿಟಕಿ ಇಳಿಸಿದಳು. ಗಿಡ್ಡಗಿದ್ದವರಿಗೆ ಮೇಜು ತಗ್ಗಿಸಿದಳು. ಮಂಡಿ ನೋವಿನವರಿಗೆ ಕಾಲಿಡಲು ಹಲಗೆ ಕೊಟ್ಟಳು.

ಏಳನೇ ದಿನ ಮಾಲೀಕರ ಮುಂದೆ ಹಿರಿಯಕ್ಕ ಕನ್ನಡಕ ತೊಟ್ಟು ಕುಳಿತಳು. ಕುಳಿತಲ್ಲಿಂದಲೇ ಮರಗಳತ್ತ ಕೈ ಚಾಚಿದಳು.

"ಇದು ನಮ್ಮ ಹುಡುಗಿ ಮಾಡಿದ್ದು," ಎಂದಳು.

ಮಾಲೀಕರು ಸಹಿ ಹಾಕಿದರು. ಹುಡುಗಿಯ ಕಣ್ಣು ತುಂಬಿ ಬಂತು. ತಲೆ ಮಾತ್ರ ಎತ್ತಿಯೇ ಇತ್ತು.

ಮೆಟ್ಟಿಲ ಬಳಿ ಇಂಜಿನಿಯರ್ ಕಾದಿದ್ದ. ಅವತ್ತು ಎಲ್ಲರೆದುರು ಹಾಗೆ ಅಂದದ್ದು ತಪ್ಪು, ಮೊದಲು ನಿಮಗೊಬ್ಬರಿಗೇ ಹೇಳಬೇಕಿತ್ತು ಎಂದು ಒಪ್ಪಿಕೊಂಡ.

"ನಿಮ್ಮ ಹೆಸರಲ್ಲಿ ಅರೆಬರೆ ಕೋಣೆ ನಿಲ್ಲೋದು ನನಗೆ ಬೇಡವಾಗಿತ್ತು."

"ನನ್ನ ಹೆಸರಿನ ಚಿಂತೆ ನಿಮಗ್ಯಾಕೆ?"

"ಆ ಕೋಣೆ ನೋಡಿದಾಗ್ಲೇ... ಇದರ ಕನಸು ಕಂಡವರ ಜೊತೆ ಬದುಕಬೇಕು ಅನ್ನಿಸ್ತು."

ಅವಳು ಒಂದು ಮೆಟ್ಟಿಲು ಇಳಿದು ಅವನೆದುರು ನಿಂತಳು.

"ನಂಗೆ ಕೋಪ ಜಾಸ್ತಿ."

"ನೋಡಿದೀನಿ."

"ಹಾಗಾದ್ರೆ ನಾಳೆ ಮನೆಗೆ ಬಾ. ಅಪ್ಪನ ಹತ್ರ ಮಾತಾಡು."

ಆ 'ಬಾ' ಕೇಳಿ ಅವನ ಮುಖವೆಲ್ಲ ಬೆಳಗಿತು. "ಏನಂತ ಹೇಳ್ಲಿ?"

"ನಿಮ್ಮ ಮಗಳು ಚೆನ್ನಾಗಿ ಕೆಲಸ ಮಾಡ್ತಾಳೆ ಅನ್ನು. ಉಳಿದಿದ್ದು ನಾನು ಹೇಳ್ತೀನಿ."